ಡ್ಯೂಟಿ ಲಿಸ್ಟ್ ನೋಡಿದರೆ ಆಸ್ಪತ್ರೆ ಗೊತ್ತಾಗುತ್ತದೆ: ಸಣ್ಣ ಆಸ್ಪತ್ರೆಯಲ್ಲಿ ಸಿಬ್ಬಂದಿಯನ್ನು ನಡೆಸಿಕೊಳ್ಳುವ ಬಗೆಗಳು, ಒಂದು ಹೋಲಿಕೆ

ಶನಿವಾರ ಸಂಜೆ ಆರು ಗಂಟೆ. ನರ್ಸಿಂಗ್ ಸ್ಟೇಷನ್ ಗೋಡೆಗೆ ಇನ್‌ಚಾರ್ಜ್ ಸಿಸ್ಟರ್ ಹೊಸ ಡ್ಯೂಟಿ ಲಿಸ್ಟ್ ಅಂಟಿಸುತ್ತಾರೆ. ಎರಡು ನಿಮಿಷದಲ್ಲಿ ಎಲ್ಲರ ಮೊಬೈಲಿನಲ್ಲೂ ಅದರ ಫೋಟೋ ಇರುತ್ತದೆ. ಒಬ್ಬಳ ಮುಖ ಅರಳುತ್ತದೆ. ಇನ್ನೊಬ್ಬಳು ಏನೂ ಮಾತಾಡದೆ ಹೋಗಿ ಖಾಲಿಯಾಗದ ಡ್ರಿಪ್ ಬಾಟಲಿಯನ್ನು ಸುಮ್ನೆ ನೋಡುತ್ತಾ ನಿಲ್ಲುತ್ತಾಳೆ. ಸೋಮವಾರದಿಂದ ತನಗೆ ನೈಟ್ ಎಂದು ಅವಳಿಗೆ ಈಗಷ್ಟೇ ಗೊತ್ತಾಗಿದೆ. ಬುಧವಾರ ಅಕ್ಕನ ಸೀಮಂತ.

ನಾನು ಸ್ಟಾಫ್ ನರ್ಸ್ ಆಗಿ ಆ ಗೋಡೆಯ ಮುಂದೆ ನಿಂತಿದ್ದೇನೆ. ಆಮೇಲೆ ಇನ್‌ಚಾರ್ಜ್ ಆಗಿ ಆ ಲಿಸ್ಟನ್ನೇ ಬರೆದಿದ್ದೇನೆ, ಬೈಸಿಕೊಂಡಿದ್ದೇನೆ. ಎಲ್ಲವೂ ನಲವತ್ತರಿಂದ ನೂರು ಹಾಸಿಗೆಯ ಆಸ್ಪತ್ರೆಗಳು. ಅಂಥ ಕಡೆ ಮಾಲೀಕರೇ ಡಾಕ್ಟರ್, ಎಚ್‌ಆರ್ ಎಂದರೆ ಅಕೌಂಟ್ಸ್ ನೋಡುವವರೇ. ‘ಜನ ನಿಲ್ಲೋದೇ ಇಲ್ಲ ಸಿಸ್ಟರ್, ಏನು ಮಾಡೋದು?’ ಎಂದು ಅವರು ಕೇಳುತ್ತಾರೆ. ಕೇಳುತ್ತಲೇ ನರ್ಸಸ್ ಡೇಗೆ ಕೇಕ್ ಆರ್ಡರ್ ಮಾಡುತ್ತಾರೆ. ಮೇ 12ಕ್ಕೆ ಕೇಕ್ ಕತ್ತರಿಸಿ, ಮೇ 13ಕ್ಕೆ ಡಬಲ್ ಡ್ಯೂಟಿ ಹಾಕಿದರೆ ಯಾರೂ ನಿಲ್ಲುವುದಿಲ್ಲ. ತನ್ನ ಮುಂದಿನ ವಾರ ಹೇಗಿರುತ್ತದೆ ಎಂದು ಮೊದಲೇ ಗೊತ್ತಿರುವ ಕಡೆ ಜನ ನಿಲ್ಲುತ್ತಾರೆ. ಆದ್ದರಿಂದ ಲಿಸ್ಟ್‌ನಿಂದಲೇ ಶುರು ಮಾಡುತ್ತೇನೆ.

ಶಿಫ್ಟ್: 6-6-12, ಎಂಟರ ಮೂರು, ಹನ್ನೆರಡರ ಎರಡು

ನಮ್ಮ ಕಡೆ ಜಾಸ್ತಿ ಕಾಣುವುದು 6-6-12. ಬೆಳಿಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 8, ರಾತ್ರಿ 8ರಿಂದ ಬೆಳಿಗ್ಗೆ 8. ಎರಡನೆಯದು ಎಂಟು ಗಂಟೆಯ ಮೂರು ಶಿಫ್ಟ್. ಮೂರನೆಯದು ಹನ್ನೆರಡು ಗಂಟೆಯ ಎರಡು.

‘ಹನ್ನೆರಡು ಗಂಟೆ ಮಾಡಿದರೆ ಕಡಿಮೆ ಜನ ಸಾಕು’ ಎಂಬುದು ಬಹಳ ಮಾಲೀಕರ ನಂಬಿಕೆ. ಕಾಗದದ ಮೇಲೆ ಲೆಕ್ಕ ಹಾಕೋಣ. ಮೂವತ್ತು ಹಾಸಿಗೆಯ ಒಂದು ವಾರ್ಡ್. ಬೆಳಿಗ್ಗೆ 5 ಜನ, ಮಧ್ಯಾಹ್ನ 4, ರಾತ್ರಿ 3 ಬೇಕು ಎಂದಿಟ್ಟುಕೊಳ್ಳಿ. 6-6-12ರಲ್ಲಿ ದಿನಕ್ಕೆ 30, 24, 36, ಒಟ್ಟು 90 ಗಂಟೆ ಕೆಲಸ. ವಾರಕ್ಕೆ 630. ಒಬ್ಬರು ವಾರಕ್ಕೆ 48 ಗಂಟೆ ಮಾಡಿದರೆ 13 ಜನ ಮತ್ತು ಚೂರು. ವರ್ಷಕ್ಕೆ 30 ದಿನದ ರಜೆಯನ್ನೂ ಸೇರಿಸಿದರೆ 15 ಜನ ಬೇಕು. ಎಂಟರ ಮೂರು ಶಿಫ್ಟಿನಲ್ಲಿ ದಿನಕ್ಕೆ 96 ಗಂಟೆ, ರಜೆ ಸೇರಿ 16 ಜನ. ಹನ್ನೆರಡರ ಎರಡು ಶಿಫ್ಟಿನಲ್ಲಿ ಹಗಲು 5, ರಾತ್ರಿ 3 ಹಾಕಿದರೂ ಅದೇ 96 ಗಂಟೆ, ಅದೇ 16 ಜನ.

ಹಾಗಾದರೆ ಉಳಿತಾಯ ಎಲ್ಲಿಂದ ಬಂತು? ವಾರಕ್ಕೆ ಆರು ದಿನ, ದಿನಕ್ಕೆ ಹನ್ನೆರಡು ಗಂಟೆ ದುಡಿಸಿದಾಗ ಬಂತು. ಅದು 72 ಗಂಟೆ. ಆಗ 11 ಜನ ಸಾಕಾಗುತ್ತಾರೆ, ನಿಜ. ಅಂದರೆ ಐದು ಜನರ ಕೆಲಸವನ್ನು ಉಳಿದವರ ಮೈಮೇಲೆ ಹಾಕಿದ್ದೇವೆ, ಅಷ್ಟೇ. ಆ ಹನ್ನೊಂದರಲ್ಲಿ ಒಬ್ಬಳಿಗೆ ಡೆಂಗಿ ಬಂದರೆ ಲಿಸ್ಟ್ ಪೂರ್ತಿ ಕುಸಿಯುತ್ತದೆ.

48 ಗಂಟೆಯ ಮಿತಿ ಇಟ್ಟುಕೊಂಡೇ ಆರಿಸುವುದಾದರೆ ವಿಷಯ ಬೇರೆ. ಎಂಟರ ಮೂರು ಶಿಫ್ಟ್ ಮೈಗೆ ಹಗುರ. ಆದರೆ ರಾತ್ರಿ ಒಂಬತ್ತು, ಹತ್ತಕ್ಕೆ ಡ್ಯೂಟಿ ಬದಲಾಗುತ್ತದೆ. ತಾಲ್ಲೂಕು ಊರಿನಲ್ಲಿ ಆ ಹೊತ್ತಿಗೆ ಕೊನೆಯ ಬಸ್ ಹೋಗಿರುತ್ತದೆ. ಹಾಸ್ಟೆಲ್ ಅಥವಾ ಗಾಡಿ ಇಲ್ಲದ ಆಸ್ಪತ್ರೆ ಇದಕ್ಕೆ ಕೈ ಹಾಕದಿರುವುದೇ ಒಳ್ಳೆಯದು. 6-6-12 ಇಷ್ಟು ವರ್ಷ ಉಳಿದುಕೊಂಡಿರುವುದಕ್ಕೂ ಇದೇ ಒಂದು ಕಾರಣ. ಎರಡಕ್ಕೆ ಮತ್ತು ಎಂಟಕ್ಕೆ ಬಸ್ ಸಿಗುತ್ತದೆ.

ಐಸಿಯುಗೆ ಹನ್ನೆರಡು ಗಂಟೆ ಹೊಂದಬಹುದು, ವಾರಕ್ಕೆ ನಾಲ್ಕೇ ದಿನ ಹಾಕಿದರೆ. ದಿನಕ್ಕೆ ಎರಡೇ ಹ್ಯಾಂಡೋವರ್ (ಮುಂದಿನ ಶಿಫ್ಟಿನವರಿಗೆ ರೋಗಿಗಳ ವಿವರ ಒಪ್ಪಿಸುವುದು), ಹಾಗಾಗಿ ಮಾತು ತಪ್ಪಿಹೋಗುವುದು ಕಡಿಮೆ. ದೂರದ ಊರಿನ ಹುಡುಗಿಯರು ಮೂರು ದಿನ ಮನೆಗೆ ಹೋಗಿ ಬರಬಹುದು. ಆದರೆ ಹತ್ತನೇ ಗಂಟೆಯ ಮೇಲೆ ಔಷಧಿ ಲೆಕ್ಕ ಮಾಡುವ ತಲೆ ಬೆಳಗಿನ ತಲೆಯಲ್ಲ. ದಿನಾ ಒಂದು ಗಂಟೆ ಓಡಾಡುವವರಿಗೆ ಇದು ಬೇಡವೇ ಬೇಡ.

ವಾರ್ಡಿಗೆ ನಾನು ಆರಿಸುವುದು 6-6-12, ಎರಡು ಷರತ್ತಿನ ಮೇಲೆ. ಸತತ ನೈಟ್ ಮೂರಕ್ಕಿಂತ ಜಾಸ್ತಿ ಬೇಡ. ಮೂರು ನೈಟ್ ಎಂದರೆ 36 ಗಂಟೆ, ಮೇಲೆ ಎರಡು ಹಗಲು ಡ್ಯೂಟಿ ಹಾಕಿದರೆ 48 ಸರಿಹೋಯಿತು. ಎರಡನೆಯ ಷರತ್ತು ಹೊರಗಿನವರಿಗೆ ಅರ್ಥವಾಗದಂಥದ್ದು: ನೈಟ್ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಮನೆಗೆ ಹೋದ ದಿನವನ್ನು ವಾರದ ರಜೆ ಎಂದು ಬರೆಯಬಾರದು. ಆ ದಿನ ಅವಳು ನಿದ್ದೆ ಮಾಡಿರುತ್ತಾಳೆ, ಮರುದಿನ ಬೆಳಿಗ್ಗೆ ಮತ್ತೆ ಡ್ಯೂಟಿ. ಲಿಸ್ಟಿನಲ್ಲಿ ‘ಆಫ್’ ಎಂದಿರುತ್ತದೆ, ಬಾಳಿನಲ್ಲಿ ಇರುವುದಿಲ್ಲ. ಎಷ್ಟೋ ಆಸ್ಪತ್ರೆಗಳು ಇದನ್ನು ಕಳ್ಳತನ ಎಂದು ಎಣಿಸಿಯೇ ಇಲ್ಲ.

ಲಿಸ್ಟ್ ಬರೆಯುವವರು ಯಾರು?

ಒಂದು, ಇನ್‌ಚಾರ್ಜ್ ಒಬ್ಬರೇ ಬರೆಯುವುದು. ಬೇಗ ಮುಗಿಯುತ್ತದೆ. ಆದರೆ ಯಾರಿಗೆ ಸತತ ಭಾನುವಾರ ರಜೆ ಬಂತು, ದೀಪಾವಳಿಗೆ ಯಾರು ಊರಿಗೆ ಹೋದರು ಎಂಬ ಲೆಕ್ಕ ಎಲ್ಲರ ತಲೆಯಲ್ಲೂ ನಡೆಯುತ್ತಿರುತ್ತದೆ. ಇನ್‌ಚಾರ್ಜ್ ಎಷ್ಟೇ ನ್ಯಾಯವಾಗಿದ್ದರೂ ಗುಸುಗುಸು ತಪ್ಪದು.

ಎರಡು, ತಂಡವೇ ಕೂತು ಬರೆದುಕೊಳ್ಳುವುದು. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ನೆದರ್‌ಲ್ಯಾಂಡ್ಸ್‌ನ ಬ್ಯೂರ್ಟ್‌ಝೋರ್ಗ್ ಎಂಬ ನರ್ಸಿಂಗ್ ಸಂಸ್ಥೆ. ಯೋಸ್ ಡೆ ಬ್ಲೊಕ್ ಎಂಬ ನರ್ಸ್ 2006ರಲ್ಲಿ ಅದನ್ನು ಕಟ್ಟಿದರು. ಒಂದು ತಂಡದಲ್ಲಿ ಹೆಚ್ಚೆಂದರೆ ಹನ್ನೆರಡು ಜನ, ಮೇಲೆ ಮ್ಯಾನೇಜರ್ ಇಲ್ಲ. ಯಾರು ಯಾವಾಗ ಯಾವ ರೋಗಿಯ ಮನೆಗೆ ಹೋಗಬೇಕು ಎಂದು ತಾವೇ ತೀರ್ಮಾನಿಸುತ್ತಾರೆ. ಕೇಳಲು ಬಹಳ ಚೆನ್ನ. ಆದರೆ ಅದು ಮನೆಮನೆಗೆ ಹೋಗಿ ಆರೈಕೆ ಮಾಡುವ ಕೆಲಸ. ವಾರ್ಡಿನಲ್ಲಿ ರಾತ್ರಿ ಎರಡು ಗಂಟೆಗೆ ಮೂರು ಜನ ಇರಲೇಬೇಕು. ಹೊಸದಾಗಿ ಸೇರಿದವಳು ದನಿ ಏರಿಸದೆ ಎಲ್ಲ ನೈಟ್ ತಾನೇ ತೆಗೆದುಕೊಂಡು ಬಿಡುತ್ತಾಳೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮೂರು, ರಿಕ್ವೆಸ್ಟ್ ಪುಸ್ತಕ. ನನ್ನ ಓಟು ಇದಕ್ಕೆ. ನೂರು ಪುಟದ ಒಂದು ನೋಟ್‌ಬುಕ್ಕನ್ನು ದಾರ ಕಟ್ಟಿ ಸ್ಟೇಷನ್ನಿನಲ್ಲಿ ತೂಗುಹಾಕಿ. ತಿಂಗಳಿಗೆ ಪ್ರತಿಯೊಬ್ಬರೂ ‘ಈ ದಿನ ರಜೆ ಬೇಕು’ ಎಂದು ಮೂರು ದಿನ ಕೇಳಬಹುದು. ಲಿಸ್ಟ್ ನಾಲ್ಕು ವಾರದ್ದು, ಎರಡು ವಾರ ಮೊದಲೇ ಹೊರಗೆ ಬರಬೇಕು. ಬರೆಯುವವರು ಇನ್‌ಚಾರ್ಜೇ. ಕೇಳಿದ್ದು ಕೊಡಲು ಆಗದಿದ್ದರೆ ಅದೇ ಪುಸ್ತಕದಲ್ಲಿ ಎದುರಿಗೆ ಕಾರಣ ಬರೆಯಬೇಕು. ಮೊದಲ ತಿಂಗಳು ಎಲ್ಲರೂ ಭಾನುವಾರವನ್ನೇ ಕೇಳುತ್ತಾರೆ. ಮೂರನೇ ತಿಂಗಳ ಹೊತ್ತಿಗೆ ‘ನಂಗೆ ಶುಕ್ರವಾರ ಬೇಡ, ನಿಂಗೆ ಕೊಡ್ತೀನಿ’ ಎಂಬ ವ್ಯವಹಾರ ತಾನಾಗಿ ಶುರುವಾಗುತ್ತದೆ. ನಾವು ಮಾಡಿದ ಸುಧಾರಣೆಗಳಲ್ಲಿ ಇದಕ್ಕಿಂತ ಅಗ್ಗದ್ದು ಇನ್ನೊಂದಿಲ್ಲ. ಒಂದು ನೋಟ್‌ಬುಕ್, ಒಂದು ದಾರ.

ಕೆಲಸ ಹಂಚುವುದು: ಕೆಲಸದ ಮೇಲೋ, ರೋಗಿಯ ಮೇಲೋ?

ಹಳೆಯ ಪದ್ಧತಿಯಲ್ಲಿ ಒಬ್ಬರು ಇಡೀ ವಾರ್ಡಿಗೆ ಇಂಜೆಕ್ಷನ್, ಒಬ್ಬರು ಬಿಪಿ ಮತ್ತು ಟೆಂಪರೇಚರ್, ಒಬ್ಬರು ಡ್ರೆಸ್ಸಿಂಗ್, ಒಬ್ಬರು ಡಿಸ್ಚಾರ್ಜ್ ಫೈಲು. ಕೆಲಸ ಸರಸರ ಸಾಗುತ್ತದೆ. ಆದರೆ ಹನ್ನೊಂದನೇ ಬೆಡ್ಡಿನ ಅಜ್ಜಿಯ ಮಗ ಬಂದು ‘ಸಿಸ್ಟರ್, ಅಮ್ಮ ಬೆಳಿಗ್ಗೆಯಿಂದ ಮೂತ್ರ ಮಾಡಿದ್ರಾ?’ ಎಂದು ಕೇಳಿದರೆ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅಜ್ಜಿಯ ಬಿಪಿ ಒಬ್ಬರಿಗೆ ಗೊತ್ತು, ಗಾಯ ಇನ್ನೊಬ್ಬರಿಗೆ ಗೊತ್ತು. ಅಜ್ಜಿ ಯಾರಿಗೂ ಗೊತ್ತಿಲ್ಲ.

ರೋಗಿಯ ಮೇಲೆ ಹಂಚಿದರೆ ಒಬ್ಬ ನರ್ಸಿಗೆ ಐದಾರು ರೋಗಿಗಳು, ಅವರದ್ದೆಲ್ಲ ಅವಳದ್ದೇ. ಹೆಸರು ಹಿಡಿದು ಕರೆಯುತ್ತಾಳೆ. ಬೆಳಿಗ್ಗೆ ಹತ್ತಕ್ಕೆ ಮಾತಾಡುತ್ತಿದ್ದವರು ಹನ್ನೆರಡಕ್ಕೆ ಮಂಕಾದರೆ ಅವಳಿಗೆ ತಿಳಿಯುತ್ತದೆ. ಕೆಲಸದ ಖುಷಿಯೂ ಇಲ್ಲೇ ಜಾಸ್ತಿ.

ತೊಡಕು ಒಂದೇ. ಒಬ್ಬಳಿಗೆ ಐದಾರರ ಬದಲು ಹತ್ತು ಹನ್ನೆರಡು ರೋಗಿ ಕೊಟ್ಟರೆ ಈ ಪದ್ಧತಿ ನಿಲ್ಲದು, ಅವಳು ತಾನಾಗಿ ಹಳೆಯದಕ್ಕೆ ಮರಳುತ್ತಾಳೆ. ಸಂಖ್ಯೆ ಇಲ್ಲಿ ಸಣ್ಣ ವಿಷಯವಲ್ಲ. ಸಂಶೋಧಕಿ ಲಿಂಡಾ ಐಕೆನ್ ಮತ್ತು ಜೊತೆಯವರು ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳನ್ನು ನೋಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನರ್ಸಿಂಗ್ ಓದಿದವರು ಕೇಳಿರುತ್ತಾರೆ. ಒಬ್ಬ ನರ್ಸಿಗೆ ಒಬ್ಬ ರೋಗಿ ಹೆಚ್ಚಾದಂತೆ, ಶಸ್ತ್ರಚಿಕಿತ್ಸೆ ಆದವರು 30 ದಿನದೊಳಗೆ ಸಾಯುವ ಸಂಭವ 7 ಶೇಕಡಾ ಹೆಚ್ಚು ಎಂದು ಅದರಲ್ಲಿ ಕಂಡುಬಂತು. ಒಬ್ಬ ನರ್ಸಿಗೆ ಇಷ್ಟೇ ರೋಗಿ ಎಂದು ಕ್ಯಾಲಿಫೋರ್ನಿಯಾ 1999ರಲ್ಲೇ ಕಾನೂನು ಮಾಡಿ, 2004ರಿಂದ ಜಾರಿಗೆ ತಂದಿತು. ಈಗ ಅಲ್ಲಿ ಸಾಮಾನ್ಯ ವಾರ್ಡಿನಲ್ಲಿ ಒಬ್ಬರಿಗೆ ಐದೇ ರೋಗಿ. ನಮ್ಮ ತಾಲ್ಲೂಕಿನ ನರ್ಸಿಂಗ್ ಹೋಮಿಗೆ ಅದು ಕನಸು, ಒಪ್ಪುತ್ತೇನೆ. ಬೆಳಗಿನ ಶಿಫ್ಟಿನಲ್ಲಾದರೂ ಆರಕ್ಕೆ ನಿಲ್ಲಿಸಿ, ರೋಗಿಯ ಮೇಲೆ ಹಂಚಿ. ರಾತ್ರಿ ಮೂರೇ ಜನ ಇದ್ದಾಗ ಕೆಲಸದ ಮೇಲೆ ಹಂಚಿಕೊಂಡರೂ ಪರವಾಗಿಲ್ಲ. ಬೆರಕೆ ಎಂದು ನಾಚಿಕೊಳ್ಳಬೇಕಾಗಿಲ್ಲ.

ತಪ್ಪಾದಾಗ: ಮೆಮೊ ಕೊಡುವುದೋ, ಕೂತು ಕೇಳುವುದೋ?

ನನ್ನ ಎರಡನೇ ವರ್ಷ. ಹೆಸರು ಬೇಡ, ಒಂದು ಆಸ್ಪತ್ರೆ. ರಾತ್ರಿ ಒಂದೂವರೆ. ಆಂಟಿಬಯೋಟಿಕ್ ಪುಡಿ ಕರಗಿಸಲು ಡಿಸ್ಟಿಲ್ಡ್ ವಾಟರ್ ಆಂಪ್ಯೂಲ್ ಎಂದು ಟ್ರೇಗೆ ಕೈ ಹಾಕಿ ತೆಗೆದೆ. ಒಡೆಯುವ ಮೊದಲು ಅಭ್ಯಾಸಬಲದಿಂದ ಬೆಳಕಿಗೆ ಹಿಡಿದೆ. ಪೊಟ್ಯಾಸಿಯಂ ಕ್ಲೋರೈಡ್. ಎರಡೂ ನೀರಿನ ಬಣ್ಣ, ಎರಡೂ ಅದೇ ಗಾತ್ರ, ಎರಡೂ ಒಂದೇ ಟ್ರೇಯಲ್ಲಿ. ತೆಳು ಮಾಡದೆ ನೇರ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಂತೇಹೋಗುವ ಮದ್ದು ಅದು. ಬೆಳಿಗ್ಗೆ ಹೋಗಿ ಹೇಳಿದೆ. ಮಧ್ಯಾಹ್ನದೊಳಗೆ ನನಗೊಂದು ಮೆಮೊ ಬಂತು, ‘ನಿರ್ಲಕ್ಷ್ಯ’ ಎಂದು. ಟ್ರೇ ಅಲ್ಲೇ ಇತ್ತು. ಆಮೇಲೆ ಆ ವಾರ್ಡಿನಲ್ಲಿ ಯಾರೂ ಏನನ್ನೂ ಹೇಳಲಿಲ್ಲ. ನಾನೂ.

ಮುಂದೆ ಕೆಲಸ ಮಾಡಿದ ಇನ್ನೊಂದು ಕಡೆ ಇಂಥದ್ದೇ ಆಯಿತು. ಅಲ್ಲಿನ ಮೆಟ್ರನ್, ಅಂದರೆ ನರ್ಸುಗಳ ಮುಖ್ಯಸ್ಥೆ, ಕೇಳಿದ ಮೊದಲ ಪ್ರಶ್ನೆ ‘ಯಾರು?’ ಅಲ್ಲ, ‘ಅದು ಆ ಟ್ರೇಗೆ ಹೇಗೆ ಬಂತಮ್ಮ?’ ಸಂಜೆಯೊಳಗೆ ಪೊಟ್ಯಾಸಿಯಂ ವಾರ್ಡಿನಿಂದ ಹೊರಗೆ ಹೋಗಿ ಬೀಗದ ಕಪಾಟು ಸೇರಿತು, ಕೆಂಪು ಪಟ್ಟಿ ಬಂತು.

ಮೆಮೊ ಬೇಡವೇ ಬೇಡ ಎನ್ನುತ್ತಿಲ್ಲ. ಮೂರು ಬಗೆ ಬೇರೆ ಮಾಡಿಕೊಳ್ಳಿ. ಕೈತಪ್ಪು ಆಗಿದ್ದರೆ ಧೈರ್ಯ ಹೇಳಿ, ಜಾಗ ಸರಿಮಾಡಿ. ಎಲ್ಲರೂ ಅಡ್ಡದಾರಿ ಹಿಡಿದಿದ್ದರಿಂದ ಆಗಿದ್ದರೆ, ಉದಾಹರಣೆಗೆ ಕೊಡುವ ಮೊದಲೇ ಚಾರ್ಟಿನಲ್ಲಿ ಟಿಕ್ ಹಾಕುವುದು, ಕೂರಿಸಿ ಮಾತಾಡಿ. ಹಾಗೆ ಮಾಡಲು ಸಮಯದ ಅಭಾವ ಕಾರಣವಾ ಎಂದೂ ನೋಡಿ. ಗೊತ್ತಿದ್ದೂ ರೋಗಿಯನ್ನು ಅಪಾಯಕ್ಕೆ ದೂಡಿದ್ದರೆ, ಚಾರ್ಟನ್ನು ತಿದ್ದಿ ಮುಚ್ಚಿಟ್ಟಿದ್ದರೆ ಆಗ ಮೆಮೊ. ಈ ಮೂರಕ್ಕೂ ಒಂದೇ ಕಾಗದ ಕೊಡುವ ಆಸ್ಪತ್ರೆಯಲ್ಲಿ ತಪ್ಪು ಕಡಿಮೆಯಾಗುವುದಿಲ್ಲ, ಸುದ್ದಿ ಕಡಿಮೆಯಾಗುತ್ತದೆ. ರೋಗಿಗಳ ಆರೈಕೆ ತೀರಾ ಹದಗೆಟ್ಟಿದ್ದ ಇಂಗ್ಲೆಂಡಿನ ಮಿಡ್ ಸ್ಟಾಫರ್ಡ್‌ಶೈರ್ ಆಸ್ಪತ್ರೆಯ ಬಗ್ಗೆ 2013ರಲ್ಲಿ ಬಂದ ಫ್ರಾನ್ಸಿಸ್ ವರದಿ ಎತ್ತಿ ತೋರಿಸಿದ ರೋಗಗಳಲ್ಲಿ ಇದೂ ಒಂದು. ಸಿಬ್ಬಂದಿ ಬಾಯಿ ಬಿಡಲು ಹೆದರುತ್ತಿದ್ದರು.

ಜನ ನಿಲ್ಲಬೇಕು: ಬಾಂಡ್, ಸಂಬಳ, ಕಲಿಕೆ

ಇಷ್ಟು ವರ್ಷ ಬಿಟ್ಟು ಹೋಗುವುದಿಲ್ಲ ಎಂದು ಬಾಂಡ್ ಬರೆಸಿಕೊಂಡು ಒರಿಜಿನಲ್ ಸರ್ಟಿಫಿಕೇಟ್ ಬೀರುವಿನಲ್ಲಿ ಇಟ್ಟುಕೊಳ್ಳುವವರು ಇನ್ನೂ ಇದ್ದಾರೆ. ಇದು ಆಯ್ಕೆಯೇ ಅಲ್ಲ. ಕಟ್ಟಿಹಾಕಿದ ಹಸು ಹಾಲು ಕೊಡಬಹುದು, ರೋಗಿಯ ಹಣೆ ಮುಟ್ಟಿ ನೋಡುವುದಿಲ್ಲ.

ಸಂಬಳದ ಬಗ್ಗೆ ಸುತ್ತಿ ಬಳಸಿ ಮಾತಾಡುವುದು ನನಗಾಗದು. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಖಾಸಗಿ ಆಸ್ಪತ್ರೆ ನರ್ಸುಗಳ ಸಂಬಳ ಮತ್ತು ಸೌಲಭ್ಯ ನೋಡಲು ಸಮಿತಿ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಐವತ್ತು ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದು ಆ ಸಮಿತಿ ಶಿಫಾರಸು ಮಾಡಿತು. ಇಷ್ಟು ವರ್ಷ ಕಳೆದ ಮೇಲೂ ಅದಕ್ಕಿಂತ ಕಡಿಮೆ ಕೊಟ್ಟು, ‘ಈಗಿನ ಹುಡುಗಿಯರಿಗೆ ಸೇವಾ ಮನೋಭಾವ ಇಲ್ಲ’ ಎನ್ನುವವರ ಮುಂದೆ ನಾನು ಕಾಫಿ ಕುಡಿದು ಎದ್ದು ಬಂದಿದ್ದೇನೆ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮಾಡಿದವಳು ಮೂರು ವರ್ಷ ಓದಿರುತ್ತಾಳೆ, ಬಿಎಸ್‌ಸಿ ನಾಲ್ಕು. ಮನೆಯವರು ಸಾಲ ಮಾಡಿರುತ್ತಾರೆ. ಸೌದಿ, ಐರ್ಲೆಂಡ್, ಜರ್ಮನಿ ಎಂದು ಹೊರಡುವವರನ್ನು ತಡೆಯಲು ನಮ್ಮಿಂದ ಆಗದು, ಸ್ಪರ್ಧೆಯೂ ಬೇಡ. ಪಕ್ಕದ ಬೀದಿಯ ಆಸ್ಪತ್ರೆಗೆ ಹೋಗದಂತೆ ನೋಡಿಕೊಂಡರೆ ಸಾಕು. ಅದಕ್ಕೆ ಐದನೇ ತಾರೀಕಿನೊಳಗೆ ಸಂಬಳ, ಪಿಎಫ್, ಡಬಲ್ ಡ್ಯೂಟಿಗೆ ದುಡ್ಡು ಅಥವಾ ಕಾಂಪ್ ಆಫ್, ಅಂದರೆ ಬದಲಿ ರಜೆ. ಹಾಸ್ಟೆಲ್ ಇದ್ದರೆ ನೈಟ್ ಮಾಡಿದವರಿಗೆ ಬೇರೆ ರೂಮು. ಬೆಳಿಗ್ಗೆ ಹತ್ತಕ್ಕೆ ಮಲಗಿದವಳ ತಲೆ ಮೇಲೆ ಮಿಕ್ಸರ್ ಓಡಬಾರದು ನೋಡಿ.

ಕಲಿಸಿ ಉಳಿಸಿಕೊಳ್ಳುವ ದಾರಿಗೆ ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆಯ ಉದಾಹರಣೆ ದೊಡ್ಡದು. ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆಯಿಂದ ಶುರು ಮಾಡಿದ್ದು. ಹಳ್ಳಿಗಳ ಹುಡುಗಿಯರನ್ನು ಆರಿಸಿ, ಎರಡು ವರ್ಷ ತಾವೇ ತರಬೇತಿ ಕೊಟ್ಟು ಕಣ್ಣಿನ ಕೆಲಸಕ್ಕೆ ತಯಾರು ಮಾಡುತ್ತಾರೆ. ಡಾಕ್ಟರು ಆಪರೇಷನ್ ಒಂದರ ಮೇಲೆ ಗಮನ ಇಡುತ್ತಾರೆ, ಉಳಿದದ್ದೆಲ್ಲ ಇವರ ಕೈಯಲ್ಲಿ. ಆದರೆ ಎಚ್ಚರ. ಒಂದೇ ಬಗೆಯ ಕೆಲಸ ಮತ್ತೆ ಮತ್ತೆ ಬರುವ ಕಡೆ ಇದು ನಡೆಯುತ್ತದೆ. ಹೆರಿಗೆ, ಹಾವು ಕಡಿತ, ಪಾರ್ಶ್ವವಾಯು ಎಲ್ಲವೂ ಬರುವ ನಮ್ಮ ಕಡೆ ಇದನ್ನೇ ನೆಪ ಮಾಡಿ, ಪಿಯುಸಿ ಮುಗಿಸಿದ ಹುಡುಗಿಗೆ ಯೂನಿಫಾರ್ಮ್ ಹಾಕಿಸಿ ‘ಸಿಸ್ಟರ್’ ಎನ್ನುವವರಿದ್ದಾರೆ. ಅದು ಕಲಿಸುವುದಲ್ಲ, ರೋಗಿಗೂ ಆ ಹುಡುಗಿಗೂ ಮಾಡುವ ಮೋಸ. ನಮಗೆ ಹೊಂದುವುದು ಚಿಕ್ಕ ರೂಪ: ಅರ್ಹ ನರ್ಸಿಗೆ ಆರು ತಿಂಗಳು ಡಯಾಲಿಸಿಸ್, ಆರು ತಿಂಗಳು ಓಟಿ (ಆಪರೇಷನ್ ಥಿಯೇಟರ್). ಕಲಿತ ಮೇಲೆ ಸಂಬಳದಲ್ಲಿ ಅದು ಕಾಣಬೇಕು.

ಇನ್‌ಚಾರ್ಜ್ ಯಾರಾಗಬೇಕು?

ಸೀನಿಯರ್ ಆದವರೇ ಎಂಬುದು ರೂಢಿ. ಚುರುಕಾಗಿ ಕೆಲಸ ಮಾಡುವವರು ಎಂಬುದು ಎರಡನೆಯದು. ಮಾಲೀಕರ ಸಂಬಂಧಿ ಎಂಬುದು ಮೂರನೆಯದು, ಅದನ್ನು ಬಿಡಿ. ನಾನು ನೋಡುವುದು ಒಂದನ್ನೇ. ಬಿಲ್ಲಿನ ವಿಷಯಕ್ಕೆ ರೋಗಿಯ ಕಡೆಯವರು ಹತ್ತು ಜನ ಬಂದು ಕೂಗಾಡಿದಾಗ ಜೂನಿಯರ್ ಮುಂದೆ ಯಾರು ಬಂದು ನಿಂತರು? ಆಸ್ಪತ್ರೆ ಸಿಬ್ಬಂದಿ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಿಂದ ಕಾಯ್ದೆ ಇದೆ. ಆದರೆ ಆ ಕ್ಷಣಕ್ಕೆ ಕಾಯ್ದೆಗಿಂತ ಮೊದಲು ಮನುಷ್ಯರು ಬೇಕು. ಹಾಗೆ ನಿಂತವರಿಗೆ ಲಿಸ್ಟ್ ಬರೆಯುವುದನ್ನು ಕಲಿಸಬಹುದು.

ಆಯಾ, ಹೌಸ್‌ಕೀಪಿಂಗ್: ನೇರ ನೇಮಕವೋ, ಕಂಟ್ರಾಕ್ಟೋ?

ಕಂಟ್ರಾಕ್ಟ್ ಸುಲಭ. ಒಬ್ಬರು ಬರದಿದ್ದರೆ ಏಜೆನ್ಸಿ ಇನ್ನೊಬ್ಬರನ್ನು ಕಳಿಸುತ್ತದೆ, ಪಿಎಫ್ ತಲೆನೋವು ಇಲ್ಲ. ನೂರು ಹಾಸಿಗೆ ದಾಟಿದರೆ ಕಾರಿಡಾರು, ಹೊರಾಂಗಣಕ್ಕೆ ಅದು ಪರವಾಗಿಲ್ಲ. ವಾರ್ಡ್, ಲೇಬರ್ ರೂಮ್, ಓಟಿಗೆ ನೇರ ನೇಮಕವೇ ಸರಿ ಎನ್ನುತ್ತೇನೆ. ಕಾರಣ ಒಂದು ಸೂಜಿ.

ಯಾರೋ ಅವಸರದಲ್ಲಿ ಕಸದ ಚೀಲಕ್ಕೆ ಹಾಕಿದ ಸೂಜಿ ಆಯಾಮ್ಮನ ಬೆರಳಿಗೆ ಚುಚ್ಚುತ್ತದೆ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ಮೊದಲ ಎರಡು ಗಂಟೆಯಲ್ಲೇ ಆದರೆ ಬಹಳ ಒಳ್ಳೆಯದು. ಕಂಟ್ರಾಕ್ಟ್ ಆಯಾಮ್ಮ ಯಾರಿಗೆ ಹೇಳಬೇಕು? ಸೂಪರ್‌ವೈಸರ್ ಫೋನ್ ಎತ್ತುವುದಿಲ್ಲ. ‘ನಿಮ್ಮ ಏಜೆನ್ಸಿಯವರಿಗೆ ಹೇಳಿ’ ಎಂದು ಆಸ್ಪತ್ರೆ ಹೇಳುತ್ತದೆ. ಅವರು ಬೆರಳನ್ನು ಸೀರೆ ಸೆರಗಿಗೆ ಒರೆಸಿಕೊಂಡು ಮತ್ತೆ ಬಕೆಟ್ ಎತ್ತುತ್ತಾರೆ. ಹೆಪಟೈಟಿಸ್ ಬಿ ಲಸಿಕೆಯೂ ಹಾಗೆಯೇ. ಮೂರು ಡೋಸ್, ಮೊದಲನೆಯದಾದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಆಸ್ಪತ್ರೆ ತ್ಯಾಜ್ಯ ಮುಟ್ಟುವ ಎಲ್ಲರಿಗೂ ಇದನ್ನು ಹಾಕಿಸಬೇಕು ಎಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಹೇಳುತ್ತದೆ. ನಾಲ್ಕು ತಿಂಗಳಿಗೊಮ್ಮೆ ಜನ ಬದಲಿಸುವ ಏಜೆನ್ಸಿಯಲ್ಲಿ ಮೂರನೇ ಡೋಸ್ ಯಾರಿಗೆ ಮುಟ್ಟುತ್ತದೆ ಹೇಳಿ?

ಕಂಟ್ರಾಕ್ಟ್ ಬಿಟ್ಟರೆ ಬೇರೆ ದಾರಿಯೇ ಇಲ್ಲ ಎಂದಾದರೆ, ಲಸಿಕೆ ಮತ್ತು ಸೂಜಿ ಚುಚ್ಚಿದಾಗಿನ ಚಿಕಿತ್ಸೆ ಆಸ್ಪತ್ರೆಯದ್ದೇ ಖರ್ಚು ಎಂದು ಒಪ್ಪಂದದಲ್ಲಿ ಬರೆಯಿರಿ. ಡ್ಯೂಟಿ ಲಿಸ್ಟಿನಲ್ಲಿ ಆಯಾಗಳ ಹೆಸರೂ ನರ್ಸುಗಳ ಕೆಳಗೇ ಇರಲಿ. ‘ಏಜೆನ್ಸಿ 2’ ಎಂದು ಬರೆಯಬೇಡಿ.

ಕೆಲಸ ಹುಡುಕುತ್ತಿರುವ ನರ್ಸುಗಳಿಗೆ

ಎರಡು ಆಸ್ಪತ್ರೆಯ ಆಫರ್ ಕೈಯಲ್ಲಿದ್ದರೆ ಸಂಬಳ ಕೇಳಿದ ಮೇಲೆ ‘ವಾರ್ಡ್ ನೋಡಬಹುದಾ ಸರ್?’ ಎಂದು ಕೇಳಿ. ಕರೆದುಕೊಂಡು ಹೋದರೆ ನರ್ಸಿಂಗ್ ಸ್ಟೇಷನ್ ಗೋಡೆ ನೋಡಿ. ಲಿಸ್ಟ್ ಎಷ್ಟು ದಿನದ್ದಿದೆ? ಒಬ್ಬರ ಹೆಸರಿನ ಎದುರು ನೈಟ್‌ಗೆ ಬರೆಯುವ ‘ಎನ್’ ಅಕ್ಷರ ಸಾಲಾಗಿ ಎಷ್ಟಿದೆ? ಕೊನೆಯ ‘ಎನ್’ ಆದ ಮೇಲೆ ಒಂದೇ ‘ಆಫ್’ ಇದೆಯಾ, ಎರಡಿದೆಯಾ? ವೈಟ್ನರ್ ಎಷ್ಟು ಕಡೆ ಬಳಿದಿದ್ದಾರೆ? ಒಂದೆರಡು ಕಡೆ ಇದ್ದರೆ ಏನೂ ತಪ್ಪಿಲ್ಲ, ಯಾರಿಗೋ ಜ್ವರ ಬಂದಿರುತ್ತದೆ. ಲಿಸ್ಟ್ ಪೂರ್ತಿ ಬೆಳ್ಳಗಾಗಿ ಗಟ್ಟಿಯಾಗಿದ್ದರೆ ಇನ್ನೊಂದು ಆಫರ್‌ಗೆ ಹೂಂ ಅನ್ನಿ, ಸಾವಿರ ರೂಪಾಯಿ ಕಡಿಮೆ ಇದ್ದರೂ.